ರಾಣಿ ಈಶ್ವರಮ್ಮನ ಪರವಾಗಿ ಒಂದು ಮಾತು

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಮಲಗಿದ ಬುದ್ಧನ ಗುಡ್ಡವನ್ನು ನೋಡುತ್ತ ಸುರಪುರಕ್ಕೆ ಬಂದವರಿಗೆಲ್ಲ ಊರವರು ತಪ್ಪದೆ ತೋರಿಸುವುದು ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು. ನಮ್ಮ ಐತಿಹಾಸಿಕ ಕಥೆಗಾರರೂ ಅಲ್ಲಿಗೇ ಹೋಗುತ್ತಾರೆ. ಅಲ್ಲಿಂದಿಳಿದು ಅರಮನೆಯ ಒಳಮನೆಗೆ ಬರುವವರು ಮಾತ್ರ ಕಡಿಮೆ. ನನ್ನ ತಕರಾರು ಇದೇ.

ಸುರಪುರವನ್ನು ಕುರಿತು ನಾನು ಓದಿದ ಕಥೆಗಳಲ್ಲಿ, ನೋಡಿದ ನಾಟಕಗಳಲ್ಲಿ ಎರಡೇ ಜಾತಿ. ಮೊದಲನೆಯದರಲ್ಲಿ ಮೆಡೋಸ್ ಟೇಲರ್ ಸಾಹೇಬನೇ ತಂದೆ, ರಾಜಾ ವೆಂಕಟಪ್ಪನಾಯಕ ಅವನ ಸಾಕುಮಗ, ತಾಯಿ ಈಶ್ವರಮ್ಮ ಮಗನನ್ನು ಕೆಡಿಸಿದ ದುಷ್ಟೆ. ಎರಡನೆಯದರಲ್ಲಿ ಸಾಹೇಬನಿಲ್ಲ, ತಾಯಿ ಆರತಿ ಎತ್ತಿ, ತಿಲಕವಿಟ್ಟು, ಮಗನ ಕೈಗೆ ಖಡ್ಗ ಕೊಟ್ಟು ಮರೆಯಾಗುತ್ತಾಳೆ. ಒಂದರಲ್ಲಿ ಬೈಗುಳ, ಇನ್ನೊಂದರಲ್ಲಿ ಪೂಜೆ. ಎರಡರಲ್ಲೂ ಹೆಣ್ಣಿಲ್ಲ.

ಈ ದುಷ್ಟೆ ಎಲ್ಲಿಂದ ಬಂದಳು? ಟೇಲರನ ಆತ್ಮಕಥೆಯಿಂದ. ಅವನು 1876ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ, ಅವನ ಮಗಳು ಅದನ್ನು ಸಂಪಾದಿಸಿ ಪ್ರಕಟಿಸಿದಳು. ಟೇಲರನನ್ನು ನಾನು ಹಳಿಯುತ್ತಿಲ್ಲ. ಜನರು ಅವನನ್ನು ಮಹಾದೇವಬಾಬಾ ಎಂದು ಕರೆದದ್ದು ಸುಮ್ಮನೆ ಅಲ್ಲ. ಬೋನಾಳದ ಕೆರೆಯ ಕೆಲಸ ಮಾಡಿಸಿದ, ರಾಜನಕೋಳೂರಿನ ಪುರಾತನ ಕಲ್ಗೋರಿಗಳನ್ನು ಲೋಕಕ್ಕೆ ತಿಳಿಸಿದ. ಆದರೆ ಈಶ್ವರಮ್ಮನ ವಿಷಯದಲ್ಲಿ ಅವನು ಸಾಕ್ಷಿಯಲ್ಲ, ಪ್ರತಿವಾದಿ.

ಸಂದರ್ಭವನ್ನು ನೆನೆಯಿರಿ. 1841ರಲ್ಲಿ ಗಂಡ ಕೃಷ್ಣಪ್ಪನಾಯಕ ಸತ್ತ. ಮಡಿಲಲ್ಲಿ ಏಳೆಂಟು ವರ್ಷದ ಮಗು. ಸಂಸ್ಥಾನದ ಮೇಲೆ ನಿಜಾಮನ ನಜರಾಣೆಯ ಹೊರೆ, ಸಾಲ. ಆಡಳಿತಕ್ಕಾಗಿ ಗಂಡನ ಸಹೋದರ ಪಿಡ್ಡನಾಯಕನೊಡನೆ ವ್ಯಾಜ್ಯ. ಆಗ ಬ್ರಿಟಿಷ್ ಅಧಿಕಾರಿಯೊಬ್ಬ ಬಂದು ಎದುರುಪಕ್ಷವನ್ನು ಎತ್ತಿಹಿಡಿದ. ಕ್ರಮೇಣ ಸಂಸ್ಥಾನವನ್ನೂ ಹುಡುಗನ ಪೋಷಣೆಯನ್ನೂ ತಾನೇ ವಹಿಸಿಕೊಂಡ. 1853ರಲ್ಲಿ ಅವನು ಹೊರಡುವ ಹೊತ್ತಿಗೆ ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ. ಮಗನನ್ನು ಪರರ ಕೈಗೆ ಕೊಡಲೊಪ್ಪದ ವಿಧವೆಯನ್ನು, ಆ ಮಗನನ್ನು ಪಡೆದವನು ಯಾವ ಮಾತಿನಿಂದ ವರ್ಣಿಸಿಯಾನು? ನಮ್ಮ ಅಜ್ಜಿ ಓಣಿಯ ಜಗಳ ಬಿಡಿಸುವಾಗ ಹೇಳುತ್ತಿದ್ದಳು: "ಜಗಳಾಡಿದಾಂವ ಹೇಳಿದ ಕತಿ ಅರ್ಧಾನೇ ಖರೇ ತಮ್ಮಾ." ಅಕ್ಷರ ಬಾರದ ಮುದುಕಿಗಿದ್ದ ಈ ವಿವೇಕ ನಮ್ಮ ಕಥೆಗಾರ ಮಹಾಶಯರಿಗೇಕಿಲ್ಲ?

ಉಳಿದರ್ಧ ಎಲ್ಲಿದೆ ಎಂದು ಕೇಳುವಿರಾ? ಟೇಲರನ ಪುಸ್ತಕದಲ್ಲೇ ಇದೆ. ಇಪ್ಪತ್ನಾಲ್ಕನೆಯ ವರ್ಷದಲ್ಲಿ ರಾಜನಿಗೆ ಮರಣವೆಂದು ಜಾತಕದಲ್ಲಿ ಬರೆದಿತ್ತೆಂದೂ, ಆ ಗುಟ್ಟನ್ನು ಬಲ್ಲ ಬೆರಳೆಣಿಕೆಯವರಲ್ಲಿ ರಾಣಿಯೂ ಒಬ್ಬಳೆಂದೂ ಅವನೇ ಹೇಳಿದ್ದಾನೆ. 1858ರ ದಂಗೆಯಲ್ಲಿ ಸೋತು ಸೆರೆಯಾದ ವೆಂಕಟಪ್ಪನಾಯಕ, ಮದರಾಸಿನ ಕಡೆಯ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ಅದು ಆತ್ಮಹತ್ಯೆಯೋ, ಆಕಸ್ಮಿಕವೋ, ಕೊಲೆಯೋ, ಇಂದಿಗೂ ವಾದವಿದೆ. ವಯಸ್ಸು ಸುಮಾರು ಇಪ್ಪತ್ನಾಲ್ಕು.

ಕಥೆಗಾರರು ಈ ಜಾತಕವನ್ನು ಕೈಬಿಟ್ಟಿಲ್ಲ. ಕೊನೆಯ ಅಧ್ಯಾಯದಲ್ಲಿ ಓದುಗರ ಮೈ ಜುಮ್ಮೆನ್ನಿಸಲು ಬಳಸುತ್ತಾರೆ. ಆದರೆ ಆ ಓಲೆಯನ್ನು ನಂಬಿದ ತಾಯಿ ಆ ಮಗನನ್ನು ಹೇಗೆ ಬೆಳೆಸಿಯಾಳೆಂದು ಒಬ್ಬರೂ ಕೇಳಲಿಲ್ಲ. ಮಗನ ವಿದ್ಯೆಗೆ ಅಡ್ಡಬಂದಳು, ಅವನನ್ನು ದಾರಿ ತಪ್ಪಿಸಿದಳು ಎಂಬುದು ಸಾಹೇಬನ ದೂರು. ಇಪ್ಪತ್ನಾಲ್ಕಕ್ಕೆ ಮುಗಿಯುವ ಬಾಳಿಗೆ ಲೆಕ್ಕಪತ್ರ ಯಾಕೆ, ಬೆತ್ತದ ಶಿಸ್ತು ಯಾಕೆ, ಇದ್ದಷ್ಟು ದಿನ ಬೇಡಿದ್ದನ್ನು ಉಂಡು ಕಣ್ಣೆದುರು ಇರಲಿ ಎಂದು ಆ ಹೆತ್ತ ಕರುಳು ಅಂದುಕೊಂಡಿರಲಾರದೆ? ಇದು ಊಹೆ ಎನ್ನುವಿರಿ. ಹೌದು, ಊಹೆಯೇ. ಊಹಿಸಲಾರದವನು ಕಥೆಯನ್ನೇಕೆ ಬರೆಯಬೇಕು? ದಫ್ತರದ ನಕಲು ತೆಗೆಯಲು ಗುಮಾಸ್ತರಿದ್ದಾರೆ.

ಅವಳನ್ನು ಸಾಧ್ವಿಯಾಗಿಸಿ ಎಂದು ನಾನು ಬೇಡುತ್ತಿಲ್ಲ. ಅವಳಲ್ಲಿ ಹಟವಿತ್ತು, ಅಧಿಕಾರದ ಆಸೆಯಿತ್ತು, ತಪ್ಪುಗಳೂ ಇದ್ದಿರಬೇಕು. ಅವಳ ನಡತೆಗೆ ಒಂದು ಕಾರಣವನ್ನು ಕೊಡಿ ಎಂದಷ್ಟೇ ನನ್ನ ಮೊರೆ. ಪರಂಪರೆ, ವಂಶ, ನಮ್ಮ ನಾಯಕರ ಕೀರ್ತಿ ಎಂದು ಮುನ್ನುಡಿಯಲ್ಲಿ ಎದೆ ತಟ್ಟಿಕೊಂಡು, ಒಳಗಿನ ಪುಟಗಳಲ್ಲಿ ವಂಶದ ತಾಯಿಯನ್ನು ಎದುರುಪಕ್ಷದ ವಕೀಲನ ಬಾಯಿಂದ ಪರಿಚಯಿಸುವುದು ಯಾವ ನ್ಯಾಯ?

1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಸೋತ ಮನೆಯ ಮಾತನ್ನು ಬರೆದಿಡುವವರು ಯಾರು? ಟೇಲರನ ಕಥೆಯನ್ನು ಹೇಳಲು ಅವನಿಗೊಬ್ಬ ಮಗಳಿದ್ದಳು. ಈಶ್ವರಮ್ಮನ ಕಥೆಯನ್ನು ಹೇಳಬೇಕಿದ್ದ ಮಗ ಅರ್ಧದಾರಿಯಲ್ಲೇ ಹೋದ. ಆ ಋಣವೀಗ ಕನ್ನಡದ ಕಥೆಗಾರರ ತಲೆಯ ಮೇಲಿದೆ; ಅದನ್ನು ತೀರಿಸದೆ ವಂಶದ ಹೆಸರೆತ್ತಬೇಡಿ.