ವೇಗದ ಓಟವೂ ಶಕ್ತಿಯ ಲೆಕ್ಕವೂ

ಸ್ಪೋರ್ಟ್ಸ್ ಕಾರುಗಳ ದೀರ್ಘಾವಧಿಯ ಪಂದ್ಯಗಳ 2026ರ ಋತುವಿನ ಕಡೆಗೆ ಆಸಕ್ತರ ದೃಷ್ಟಿ ಹರಿದಿದೆ. ಇಟಲಿಯ ಇಮೋಲ, ಬೆಲ್ಜಿಯಮ್ಮಿನ ಸ್ಪಾ, ಜಪಾನಿನ ಫುಜಿ ಮೊದಲಾದೆಡೆಗಳಲ್ಲಿ ಏರ್ಪಡುವ ಈ ವಿಶ್ವ ಸ್ಪರ್ಧೆಗೆ ಕಿರೀಟಪ್ರಾಯವಾದುದು ಫ್ರಾನ್ಸಿನ ಲೆ ಮಾನ್ ನಗರದ ಬಳಿಯ ಇಪ್ಪತ್ತನಾಲ್ಕು ಗಂಟೆಗಳ ಓಟ. 1923ರಲ್ಲಿ ಪ್ರಾರಂಭವಾದ ಈ ಓಟವನ್ನು 2018ರಿಂದ 2022ರವರೆಗೆ ಟೊಯೋಟ ಕಾರುಗಳೂ, 2023ರಿಂದ 2025ರವರೆಗೆ ಫೆರಾರಿ ಕಾರುಗಳೂ ಗೆದ್ದುವು. 2025ರ ಕೊನೆಗೆ ಪೋರ್ಶೆ ಸಂಸ್ಥೆ ಈ ವಿಶ್ವ ಸ್ಪರ್ಧೆಯ ಮೇಲ್ವರ್ಗದಿಂದ ಹಿಂದೆಗೆಯಿತು. ಹೊಸ ಋತುವಿಗೆ ಕೊರಿಯದ ಜೆನೆಸಿಸ್ ಹೊಸಬನಾಗಿ ಬಂದಿದೆ. ಗೆಲುವು ಯಾರದೆಂದು ಭವಿಷ್ಯ ನುಡಿಯುವುದು ನಮ್ಮ ಕೆಲಸವಲ್ಲ. ಗೆಲುವನ್ನು ಅಳೆಯುವ ಅಳತೆಗೋಲು ಸರಿಯಾಗಿದೆಯೆ ಎಂಬುದೇ ನಮ್ಮ ಪ್ರಶ್ನೆ.

ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಪಂದ್ಯವನ್ನು ಕೇವಲ ವೇಗದ ಪ್ರದರ್ಶನವೆಂದು ತಿಳಿಯುತ್ತಾರೆ. ವೇಗವೇನೋ ಉಂಟು. 2010ರಲ್ಲಿ ಆಡಿ ಕಾರೊಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ 5,410 ಕಿಲೋಮೀಟರುಗಳನ್ನು ಕ್ರಮಿಸಿತು. ಎಂದರೆ ಗಂಟೆಗೆ ಸರಾಸರಿ 225 ಕಿಲೋಮೀಟರು. ಆದರೆ ದೀರ್ಘಾವಧಿಯ ಓಟದಲ್ಲಿ ವೇಗದಷ್ಟೇ ಮುಖ್ಯವಾದುದು ಮಿತವ್ಯಯ. ಒಂದು ಕಾರು ಒಮ್ಮೆ ತುಂಬಿಸಿಕೊಂಡ ಇಂಧನದಿಂದ 12 ಸುತ್ತು, ಇನ್ನೊಂದು 13 ಸುತ್ತು ಓಡುವುದೆಂದಿಟ್ಟುಕೊಳ್ಳೋಣ. 390 ಸುತ್ತುಗಳ ಓಟದಲ್ಲಿ ಮೊದಲನೆಯದು 32 ಸಲ ನಿಲ್ಲಬೇಕಾದರೆ ಎರಡನೆಯದು 29 ಸಲ ನಿಂತರೆ ಸಾಕು. ಒಂದು ನಿಲುಗಡೆಗೆ ಒಂದು ನಿಮಿಷವೆಂದರೂ ಮೂರು ನಿಮಿಷಗಳ ಉಳಿತಾಯ. ಲೆ ಮಾನ್‌ನ ಒಂದು ಸುತ್ತಿಗೆ ಸುಮಾರು ಮೂರೂವರೆ ನಿಮಿಷ ಹಿಡಿಯುವುದರಿಂದ, ಇದು ಬಹುಮಟ್ಟಿಗೆ ಒಂದು ಸುತ್ತಿನ ಮುನ್ನಡೆಯೇ ಸರಿ.

ಇನ್ನೊಂದು ಲೆಕ್ಕವನ್ನೂ ನೋಡೋಣ. ಚಾಲಕನೂ ಇಂಧನವೂ ಸೇರಿ 1,100 ಕಿಲೋಗ್ರಾಮ್ ತೂಗುವ ಕಾರು ಗಂಟೆಗೆ 330 ಕಿಲೋಮೀಟರು ವೇಗದಿಂದ 100 ಕಿಲೋಮೀಟರಿಗೆ ಇಳಿಯಬೇಕಾದರೆ ಅದು ಕಳೆದುಕೊಳ್ಳಬೇಕಾದ ಚಲನಶಕ್ತಿ ಸುಮಾರು 42 ಲಕ್ಷ ಜೌಲುಗಳು. ಒಂದು ಬಿಂದಿಗೆ, ಎಂದರೆ ಹನ್ನೆರಡು ಲೀಟರು, ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಇಷ್ಟು ಶಕ್ತಿ ಸಾಕು! ಹಿಂದೆ ಈ ಶಕ್ತಿಯೆಲ್ಲವೂ ಬ್ರೇಕುಗಳನ್ನು ಕಾಯಿಸಿ ಗಾಳಿಯ ಪಾಲಾಗುತ್ತಿತ್ತು. ಅದರಲ್ಲೊಂದು ಭಾಗವನ್ನು ಹಿಡಿದಿಟ್ಟು ಮತ್ತೆ ಚಕ್ರಗಳಿಗೆ ಕೊಡುವ ಹೈಬ್ರಿಡ್ ಕಾರು ಲೆ ಮಾನ್‌ನಲ್ಲಿ ಮೊದಲು ಗೆದ್ದದ್ದು 2012ರಲ್ಲಿ. ಅದಕ್ಕೂ ಮುಂಚೆ, 1953ರಲ್ಲಿ ಗೆದ್ದ ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಯೋಗ್ಯತೆಯನ್ನು ಲೋಕಕ್ಕೆ ತೋರಿಸಿಕೊಟ್ಟಿತ್ತು. ಇಂದು ನಮ್ಮ ಬೀದಿಯ ಮೋಟಾರು ಸೈಕಲುಗಳಲ್ಲಿಯೂ ಅಂಥ ಬ್ರೇಕುಗಳಿವೆಯಷ್ಟೆ.

2014ರಲ್ಲಿ ಜಾರಿಗೆ ಬಂದ ನಿಯಮಗಳು ಈ ಮಿತವ್ಯಯವನ್ನೇ ಪಂದ್ಯದ ತಿರುಳಾಗಿ ಮಾಡಿದುವು. ಪ್ರತಿ ಸುತ್ತಿಗೆ ಇಷ್ಟೇ ಇಂಧನಶಕ್ತಿ ಎಂದು ಗೊತ್ತುಪಡಿಸಿ, ಅದನ್ನು ಬಳಸುವ ಬಗೆಯನ್ನು ಎಂಜಿನಿಯರರ ಬುದ್ಧಿಗೆ ಬಿಡಲಾಯಿತು. ಆಡಿ ಡೀಸೆಲ್ ಎಂಜಿನನ್ನು ನೆಚ್ಚಿತು. ಟೊಯೋಟ ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನನ್ನು ಹಿಡಿಯಿತು. ಪೋರ್ಶೆ ನಾಲ್ಕೇ ಸಿಲಿಂಡರುಗಳ, ಎರಡು ಲೀಟರಿನ ಪುಟ್ಟ ಎಂಜಿನಿನಿಂದ 2015, 2016, 2017ರಲ್ಲಿ ಲೆ ಮಾನ್ ಗೆದ್ದಿತು. ಒಂದೇ ಪ್ರಶ್ನೆಗೆ ಮೂರು ಉತ್ತರಗಳು! ಭೌತವಿಜ್ಞಾನದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ದೊರೆತೀತು?

ಈಗಿನ ಹೈಪರ್‌ಕಾರ್ ವರ್ಗದಲ್ಲಿ ನಡೆಯುವುದು ಬೇರೆ ಪದ್ಧತಿ. ಕಾರುಗಳ ತೂಕ, ಸಾಮರ್ಥ್ಯ, ಒಮ್ಮೆಗೆ ಬಳಸಬಹುದಾದ ಶಕ್ತಿ, ಇವನ್ನು ಅಧಿಕಾರಿಗಳು ಕಾರುಕಾರಿಗೂ ಬೇರೆಬೇರೆಯಾಗಿ ಹೊಂದಿಸಿ ಎಲ್ಲವನ್ನೂ ಸರಿಸಮಕ್ಕೆ ತರುತ್ತಾರೆ. ಎಂದರೆ ಚೆನ್ನಾಗಿ ಓದಿದವನ ಅಂಕಗಳನ್ನು ಕಳೆದು, ಓದದವನಿಗೆ ಕೂಡಿಸಿದ ಹಾಗೆ. ಇದಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಪದ್ಧತಿಯ ವೆಚ್ಚ ಮಿತಿಮೀರಿತ್ತು. 2016ರ ಬಳಿಕ ಆಡಿಯೂ 2017ರ ಬಳಿಕ ಪೋರ್ಶೆಯೂ ಕಣವನ್ನು ಬಿಟ್ಟುವು. ದೊಡ್ಡ ತಯಾರಕರಲ್ಲಿ ಟೊಯೋಟ ಒಂಟಿಯಾಗಿ ಉಳಿಯಿತು. ಎದುರಾಳಿಯೇ ಇಲ್ಲದ ಓಟ ಎಂಥ ಓಟ? ಸಮತೋಲನದ ನಿಯಮ ಬಂದ ಮೇಲೆ ಕಣವು ಮತ್ತೆ ತುಂಬಿತೆಂಬುದನ್ನು ಒಪ್ಪಲೇಬೇಕು.

ಹಾಗಾದರೆ ದಾರಿ ಯಾವುದು? ಲೆ ಮಾನ್‌ನ ಚರಿತ್ರೆಯಲ್ಲಿಯೇ ಅದಕ್ಕೆ ಉತ್ತರವಿದೆ. 1959ರಿಂದ ಮುಂದೆ ಕೆಲವು ವರ್ಷಗಳ ಕಾಲ, ಮೊದಲು ಗುರಿ ಮುಟ್ಟಿದವರಿಗಲ್ಲದೆ, ಇಂಧನವನ್ನು ಅತ್ಯಂತ ದಕ್ಷವಾಗಿ ಬಳಸಿದ ಕಾರಿಗೂ ಅಲ್ಲಿ ಪ್ರತ್ಯೇಕವಾದ ಬಹುಮಾನವಿತ್ತು. ಅದನ್ನು ಮತ್ತೆ ತರಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಹೊಸ ಉಪಕರಣಗಳೇನೂ ಬೇಡ. ಚಕ್ರಗಳಿಗೆ ಬಲವನ್ನೊಯ್ಯುವ ದಂಡಗಳಲ್ಲಿ ಟಾರ್ಕನ್ನು ಅಳೆಯುವ ಸಾಧನಗಳನ್ನು ಈಗಾಗಲೇ ಜೋಡಿಸಲಾಗಿದೆ. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ ಸಾಮರ್ಥ್ಯ. ಅದನ್ನು ಕಾಲದುದ್ದಕ್ಕೂ ಕೂಡಿಸುತ್ತ ಹೋದರೆ ಚಕ್ರಗಳಿಗೆ ತಲಪಿದ ಶಕ್ತಿ. ಸುರಿದ ಇಂಧನದಲ್ಲಿದ್ದ ಶಕ್ತಿಯೆಷ್ಟು, ಚಕ್ರಕ್ಕೆ ತಲಪಿದ್ದೆಷ್ಟು ಎಂಬ ಎರಡು ಅಂಕಿಗಳನ್ನು ಓಟದ ಮರುದಿನ ಪ್ರಕಟಿಸಿದರೆ ಸಾಕು. ಸಮತೋಲನದ ನಿಯಮವೂ ನಿಲ್ಲುತ್ತದೆ, ಸತ್ಯವೂ ಮರೆಯಾಗುವುದಿಲ್ಲ.

ಇಂಧನವನ್ನು ವಿನೋದಕ್ಕಾಗಿ ಸುಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. 2022ರಲ್ಲಿ ಈ ಸ್ಪರ್ಧೆಗೆ ದ್ರಾಕ್ಷಾಮದ್ಯದ ತಯಾರಿಕೆಯಲ್ಲಿ ಉಳಿಯುವ ಚರಟದಿಂದ ಮಾಡಿದ ಇಂಧನ ಬಂದಿತೆಂಬುದು ಒಂದು ಉತ್ತರ. ಆದರೆ ಪೂರ್ಣ ಉತ್ತರವಲ್ಲ. ಸುಟ್ಟದ್ದರಿಂದ ಏನನ್ನು ಕಲಿತೆವೆಂದು ತೋರಿಸಬಲ್ಲ ಪಂದ್ಯಕ್ಕೆ ಮಾತ್ರ ಮುಂದೆ ಉಳಿಯುವ ಹಕ್ಕಿದೆ.

2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಲೆ ಮಾನ್ ಓಟದಲ್ಲಿ ಚಾಲಕರಾಗಿ ಭಾಗವಹಿಸಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಅಲ್ಲಿಗೆ ಚಾಲಕರಾಗಿಯೋ, ಎಂಜಿನುಗಳನ್ನು ರೂಪಿಸುವವರಾಗಿಯೋ ಹೋಗಬಹುದು. ಅಲ್ಲಿಯವರೆಗೆ, ಹೊಸ ಋತುವಿನ ಓಟಗಳನ್ನು ನೋಡುವಾಗ ಗಡಿಯಾರದ ಜೊತೆಗೆ ಒಂದು ಕಾಗದವನ್ನೂ ಪೆನ್ಸಿಲನ್ನೂ ಬಳಿಯಲ್ಲಿಟ್ಟುಕೊಳ್ಳಿರಿ. ಯಾವ ಕಾರು ಎಷ್ಟು ಸುತ್ತಿಗೊಮ್ಮೆ ನಿಂತಿತೆಂದು ಬರೆದುಕೊಳ್ಳಿರಿ. ಅಧಿಕಾರಿಗಳು ಕಾರುಗಳನ್ನು ಸರಿಸಮ ಮಾಡಬಹುದು; ನಿಸರ್ಗವು ಶಕ್ತಿಯ ಲೆಕ್ಕದಲ್ಲಿ ಯಾರಿಗೂ ರಿಯಾಯಿತಿ ತೋರುವುದಿಲ್ಲ.