ಕುದುರೆ ಸಾಗಾಟದ ನಿರ್ಬಂಧ: ಎಷ್ಟು ಕಿಲೋಮೀಟರು, ಎಷ್ಟು ದಿನ?

ಗೋಳಗುಮ್ಮಟ ನೋಡಲು ಬಂದ ಪ್ರವಾಸಿಗರನ್ನು ಇಬ್ರಾಹಿಂ ರೋಜಾದವರೆಗೆ ಕರೆದೊಯ್ಯುವ ಟಾಂಗಾಗಳು ವಿಜಯಪುರ ನಗರದಲ್ಲಿ ಇಂದಿಗೂ ಇವೆ. ಸುತ್ತಲಿನ ಸೀಮೆಯ ಜಾತ್ರೆಗಳಲ್ಲಿ ಕುದುರೆ ಗಾಡಿಗಳ ಶರ್ಯತ್ತು ಎಂದರೆ ಜನ ಸೇರುತ್ತಾರೆ. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಕುದುರೆ ಬಜಾರು ನೆರೆಯುತ್ತದೆ. ಈ ವ್ಯವಹಾರದ ಗಾತ್ರ ದೊಡ್ಡದಲ್ಲ. ಆದರೆ ಲಾಳ ಕಟ್ಟುವವರು, ಜೀನು ಲಗಾಮು ಹೊಲಿಯುವವರು, ಗಾಡಿ ದುರಸ್ತಿಯವರು, ಹುರುಳಿ ಬೂಸಾ ಮಾರುವ ಅಂಗಡಿಕಾರರು ಇದನ್ನು ನೆಚ್ಚಿಕೊಂಡಿದ್ದಾರೆ. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಗೋವೆಯ ಬಂದರು 1510ರಲ್ಲಿ ಪೋರ್ಚುಗೀಸರ ಪಾಲಾದಾಗ ಆದಿಲಶಾಹಿ ಅರಸರಿಗೆ ಆದ ನಷ್ಟದಲ್ಲಿ ಈ ವ್ಯಾಪಾರದ ಸುಂಕವೂ ಸೇರಿತ್ತೆಂಬುದನ್ನು ಇಲ್ಲಿಯ ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.

ಕುದುರೆಗೆ ತಗಲುವ ರೋಗಗಳಲ್ಲಿ ಸರ್ಕಾರ ಅತ್ಯಂತ ಕಟ್ಟುನಿಟ್ಟಾಗಿ ಕಾಣುವುದು ಗ್ಲಾಂಡರ್ಸ್ ರೋಗವನ್ನು. ಇದಕ್ಕೆ ಲಸಿಕೆಯಿಲ್ಲ, ರೋಗವು ಮನುಷ್ಯರಿಗೂ ಹರಡಬಲ್ಲದು. ರಕ್ತ ಪರೀಕ್ಷೆಯಲ್ಲಿ ರೋಗ ದೃಢಪಟ್ಟ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುವುದೇ ನಿಯಮ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗಟ್ಟುವಿಕೆ ಮತ್ತು ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರವು ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಅಧಿಸೂಚಿಸಿ ಅಲ್ಲಿ ಪ್ರಾಣಿಗಳ ಸಾಗಾಟ, ಸಂತೆ, ಜಾತ್ರೆ, ಪ್ರದರ್ಶನಗಳನ್ನು ತಡೆಯಬಹುದು. ಈ ಅಧಿಕಾರದ ಅವಶ್ಯಕತೆಯನ್ನು ಯಾವ ವಿವೇಕಿಯೂ ಪ್ರಶ್ನಿಸಲಾರ. ಅದನ್ನು ಎಷ್ಟು ವಿಸ್ತಾರಕ್ಕೆ, ಎಷ್ಟು ಕಾಲ ಪ್ರಯೋಗಿಸಬೇಕೆಂಬುದೇ ಚರ್ಚೆಯ ವಿಷಯ.

2019ರ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ರೋಗ ಕಂಡ ಸ್ಥಳದ ಸುತ್ತ 5 ಕಿ.ಮೀ. ಸೋಂಕಿತ ವಲಯವಾಗಿಯೂ, 5ರಿಂದ 25 ಕಿ.ಮೀ.ವರೆಗೆ ನಿಗಾ ವಲಯವಾಗಿಯೂ ಗೊತ್ತುಪಡಿಸಲಾಗಿತ್ತು. 2025ರಲ್ಲಿ ಪರಿಷ್ಕೃತವಾದ ಯೋಜನೆಯು ಸೋಂಕಿತ ವಲಯವನ್ನು 2 ಕಿ.ಮೀ.ಗೆ, ನಿಗಾ ವಲಯವನ್ನು 2ರಿಂದ 10 ಕಿ.ಮೀ.ಗೆ ಇಳಿಸಿತು. ಇದರ ಅರ್ಥವನ್ನು ನಕ್ಷೆಯ ಮೇಲೆ ನೋಡಬೇಕು. ತಿಕೋಟಾ ವಿಜಯಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ನಗರದ ಒಂದು ಟಾಂಗಾ ನಿಲ್ದಾಣದಲ್ಲಿ ರೋಗ ಕಂಡಿತೆಂದು ಭಾವಿಸಿದರೆ ಹಳೆಯ ವೃತ್ತದೊಳಗೆ ತಿಕೋಟಾ ಬೀಳುತ್ತಿತ್ತು; ಹೊಸ ವೃತ್ತದಲ್ಲಿ ಬೀಳುವುದಿಲ್ಲ. ಅಲ್ಲಿಯ ಗಾಡಿಯವನಿಗೆ ಇದು ಹಲವು ವಾರಗಳ ದುಡಿಮೆಯ ಪ್ರಶ್ನೆ.

ಆದರೆ ಕೇಂದ್ರದ ಯೋಜನೆ ಕಿಲೋಮೀಟರುಗಳಲ್ಲಿ ಮಾತನಾಡುವಾಗ ಜಿಲ್ಲಾ ಮಟ್ಟದ ಆದೇಶಗಳು ಬಹುತೇಕ ಜಿಲ್ಲೆಯ ಗಡಿಯನ್ನೇ ವೃತ್ತವೆಂದು ಎಣಿಸುವ ರೂಢಿ ಇದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಜಾನುವಾರು ಸಂತೆ, ಜಾತ್ರೆ, ಸಾಗಾಟಗಳು ಒಟ್ಟಾಗಿ ನಿಂತವು. ಆ ರೋಗ ಕುದುರೆಗೆ ತಗಲುವುದಿಲ್ಲ. (ಅದಕ್ಕೆ ಸಿದ್ಧವಾದ ಸ್ವದೇಶಿ ಲಸಿಕೆಯನ್ನು ರೂಪಿಸಿದವರಲ್ಲಿ ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳೇ ಇದ್ದರೆಂಬುದು ಸ್ವಾರಸ್ಯದ ಸಂಗತಿ.) ಆದರೂ ಜಾತ್ರೆ ನಿಂತರೆ ಕುದುರೆಯ ಶರ್ಯತ್ತೂ ನಿಲ್ಲುತ್ತದೆ, ಹಗ್ಗ ಕಣ್ಣಿ ಗೆಜ್ಜೆಸರಗಳ ಅಂಗಡಿಯೂ ನಿಲ್ಲುತ್ತದೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯನ್ನು ನಂಬಿ ಉದರಿಯಲ್ಲಿ ಸರಕು ತುಂಬಿಟ್ಟುಕೊಳ್ಳುವ ಸಣ್ಣ ವರ್ತಕನಿಗೆ ಆದೇಶ ಮುನ್ನಾದಿನ ಬಂದರೆ ಆ ಸರಕನ್ನು ಮರಳಿಸುವ ದಾರಿಯಿರುವುದಿಲ್ಲ.

ಪರಿಹಾರದ ವಿಷಯದಲ್ಲೂ ಇದೇ ಕೊರತೆ. ಚರ್ಮಗಂಟು ರೋಗದಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳನ್ನು ರಾಜ್ಯ ಸರ್ಕಾರ ನೀಡಿತು. ಗ್ಲಾಂಡರ್ಸ್‌ನಿಂದಾಗಿ ದಯಾಮರಣಕ್ಕೆ ಒಳಗಾದ ಕುದುರೆಯ ಮಾಲೀಕನಿಗೂ ಪರಿಹಾರದ ಅವಕಾಶವಿದೆ. ಆದರೆ ಆರೋಗ್ಯವಾಗಿದ್ದೂ ಲಾಯದಲ್ಲಿ ನಿಂತ ಕುದುರೆಗೆ, ಅದರ ದಿನನಿತ್ಯದ ಮೇವಿಗೆ ಯಾವ ಲೆಕ್ಕವೂ ಇಲ್ಲ. ರೋಗವನ್ನು ಮುಚ್ಚಿಡುವ ಪ್ರವೃತ್ತಿ ಹುಟ್ಟುವುದು ಇಲ್ಲಿಯೇ. ಒಬ್ಬ ಮಾಲೀಕ ಕುದುರೆಯ ಮೂಗಿನಿಂದ ಕೀವು ಸುರಿಯುವುದನ್ನು ಪಶುವೈದ್ಯರಿಗೆ ತಿಳಿಸಿದರೆ ಇಡೀ ಊರಿನ ಟಾಂಗಾಗಳು ನಿಲ್ಲುವುದಾದರೆ, ನೆರೆಹೊರೆಯವರೇ ಅವನ ಬಾಯಿ ಕಟ್ಟುತ್ತಾರೆ. ವಿಶಾಲವಾದ ನಿರ್ಬಂಧ ಹೆಚ್ಚು ಸುರಕ್ಷಿತವೆಂಬ ಭಾವನೆ ಈ ಕಾರಣದಿಂದ ಪೂರ್ಣ ಸರಿಯಲ್ಲ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. 2007ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಕುದುರೆ ಇನ್‌ಫ್ಲುಯೆಂಜಾ ಮೊದಲ ಬಾರಿಗೆ ಕಾಲಿಟ್ಟಿತು. ಆರಂಭದಲ್ಲಿ ದೇಶದಾದ್ಯಂತ ಕುದುರೆಗಳ ಚಲನೆ ನಿಲ್ಲಿಸಲಾಯಿತು. ಬಳಿಕ ಸೋಂಕಿನ ಮಟ್ಟಕ್ಕೆ ತಕ್ಕಂತೆ ಪ್ರದೇಶಗಳನ್ನು ಬಣ್ಣಗಳಿಂದ ಗುರುತಿಸಿ, ಪ್ರತಿ ವಲಯಕ್ಕೂ ಪ್ರತ್ಯೇಕ ನಿಯಮ ರೂಪಿಸಲಾಯಿತು. ಸಿಡ್ನಿಯ ವಸಂತ ಋತುವಿನ ರೇಸುಗಳು ರದ್ದಾದವು. ರೋಗ ತಲುಪದ ವಿಕ್ಟೋರಿಯಾದಲ್ಲಿ ನವೆಂಬರ್‌ನ ಮೆಲ್ಬರ್ನ್ ಕಪ್ ಎಂದಿನಂತೆ ನಡೆಯಿತು. ವರ್ಷಾಂತ್ಯದೊಳಗೆ ಹೊಸ ಪ್ರಕರಣಗಳು ನಿಂತವು. ಅದರ ಮರುವರ್ಷ, 2008ರ ಜೂನ್‌ನಲ್ಲಿ, ಜಮ್ಮುವಿನ ಕಟ್ರಾದಲ್ಲಿ ಕಾಣಿಸಿದ ಅದೇ ರೋಗ ಅನೇಕ ರಾಜ್ಯಗಳಿಗೆ ಹಬ್ಬಿ ಕರ್ನಾಟಕವನ್ನೂ ಮುಟ್ಟಿತು.

ನಿಯಮ ಸಡಿಲಿಸಿ ಎಂದಷ್ಟೇ ಕೇಳಿದರೆ ವರ್ತಕ ಸಮುದಾಯದ ಮಾತಿಗೆ ತೂಕ ಬಾರದು. ಟಾಂಗಾ ಮಾಲೀಕರು ತಮ್ಮ ಕುದುರೆಗಳನ್ನು ನೋಂದಾಯಿಸಿ, ಗುರುತಿನ ದಾಖಲೆ ಇಟ್ಟುಕೊಳ್ಳಬೇಕು. ಶರ್ಯತ್ತಿನ ಸಂಘಟಕರು ಇತ್ತೀಚಿನ ರಕ್ತ ಪರೀಕ್ಷೆಯ ಪ್ರಮಾಣಪತ್ರವಿಲ್ಲದ ಕುದುರೆಯನ್ನು ಕಣಕ್ಕೆ ಬಿಡಬಾರದು. ಒಂದೇ ತೊಟ್ಟಿಯಲ್ಲಿ ಎಲ್ಲ ಕುದುರೆಗಳಿಗೆ ನೀರು ಕುಡಿಸುವ ಪದ್ಧತಿ ನಿಲ್ಲಬೇಕು. ಇದಕ್ಕೆ ತಗಲುವ ಖರ್ಚನ್ನು ಪ್ರವೇಶ ಶುಲ್ಕದಲ್ಲಿ ಸೇರಿಸಿದರೆ ಯಾರಿಗೂ ಹೊರೆಯಾಗದು. ಇಷ್ಟು ಮಾಡಿದ ಮೇಲೆ, ಪ್ರತಿ ನಿರ್ಬಂಧದ ಆದೇಶದಲ್ಲಿ ರೋಗದ ಹೆಸರು, ಅನ್ವಯಿಸುವ ಪ್ರಾಣಿಗಳು, ವೃತ್ತದ ಅಳತೆ ಹಾಗೂ ಪುನರ್‌ಪರಿಶೀಲನೆಯ ದಿನಾಂಕ ಇರಲೇಬೇಕೆಂದು ಕೇಳುವ ಹಕ್ಕು ವರ್ತಕರಿಗೆ ಬರುತ್ತದೆ.

ತಿಕೋಟಾ ತಾಲ್ಲೂಕಿನ ಪಾಲಿಗೆ ಇನ್ನೊಂದು ತೊಡಕಿದೆ. ಕನಮಡಿಯ ಆಚೆಗೆ ಮಹಾರಾಷ್ಟ್ರದ ಜತ್ ತಾಲ್ಲೂಕು. ವೃತ್ತದ ಗೆರೆಗೆ ರಾಜ್ಯದ ಗಡಿ ತಿಳಿಯದು, ಅಧಿಸೂಚನೆಗೆ ಮಾತ್ರ ತಿಳಿಯುತ್ತದೆ. ಆಚೆಯ ಸರ್ಕಾರ ಹೊರಡಿಸಿದ ಆದೇಶ ಈಚೆಯ ಗಾಡಿಯವನಿಗೆ ಚೆಕ್‌ಪೋಸ್ಟಿನಲ್ಲಿ ತಡೆದಾಗಲೇ ಗೊತ್ತಾಗುವುದು. ಎರಡೂ ಜಿಲ್ಲೆಗಳ ಪಶುಸಂಗೋಪನಾ ಇಲಾಖೆಗಳು ಕನ್ನಡ ಮತ್ತು ಮರಾಠಿಯಲ್ಲಿ ಒಂದೇ ಪುಟದ ಪ್ರಕಟಣೆಯನ್ನು ಪಶು ಆಸ್ಪತ್ರೆ, ಎಪಿಎಂಸಿ ಪ್ರಾಂಗಣ ಮತ್ತು ಬಸ್ ನಿಲ್ದಾಣಗಳಲ್ಲಿ ಅಂಟಿಸಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಜಾತ್ರೆಗಳ ದಿನಾಂಕಗಳು ಪಂಚಾಂಗದಲ್ಲಿ ಮೊದಲೇ ಇರುತ್ತವೆ. ವಾಣಿಜ್ಯ ಸಂಸ್ಥೆಗಳು ಆ ಪಟ್ಟಿಯನ್ನು ವರ್ತಕರು ಸರಕಿಗೆ ಮುಂಗಡ ಕೊಡುವ ಮುನ್ನವೇ ಜಿಲ್ಲಾಡಳಿತದ ಮುಂದಿಟ್ಟು, ಆ ವರ್ಷದ ರೋಗಸ್ಥಿತಿಯ ಬಗ್ಗೆ ಲಿಖಿತ ಉತ್ತರ ಪಡೆಯಬೇಕು.