ಒಂದೇ ಉಸಿರಿನಲ್ಲಿ ಹೊಳೆಗಿಳಿಯುವವರು

ರಾಣೆಬೆನ್ನೂರಿನ ಸೀಮೆಯನ್ನು ತೊಳೆಯುತ್ತ ಸಾಗಿ, ಗಳಗನಾಥದಲ್ಲಿ ವರದೆಯನ್ನು ಕೂಡಿಕೊಳ್ಳುವ ತುಂಗಭದ್ರೆಯ ಮಡುವಿನಲ್ಲಾಗಲಿ, ಹಾವೇರಿಯ ಹೆಗ್ಗೇರಿಯಲ್ಲಾಗಲಿ, ಬ್ಯಾಡಗಿಯ ಕಡೆಯ ತೋಟದ ಬಾವಿಯಲ್ಲಾಗಲಿ ಯಾರೋ ಮುಳುಗಿದರೆಂಬ ವಾರ್ತೆ ಹಬ್ಬಿದೊಡನೆ, ಜನರು ಮೊದಲು ಅರಸುವುದು ನೀರನ್ನು ಬಲ್ಲ ಈಜುಗಾರರನ್ನು. ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರವಿರುವ ಈ ದಂಡೆಯಲ್ಲಿ ಆ ವಿದ್ಯೆಗೆ ಗೌರವವೇನೋ ಉಂಟು. ಆದರೆ ಎದೆಯಲ್ಲಿ ತುಂಬಿಕೊಂಡ ಒಂದೇ ಉಸಿರನ್ನು ನಂಬಿ ತಳವನ್ನು ತಡಕುವಾತನ ಶ್ವಾಸಕೋಶವು ಏನನ್ನು ಸಹಿಸುತ್ತದೆಂಬುದನ್ನು ದಂಡೆಯ ಮೇಲೆ ನೆರೆದ ನಾವು ವಿಚಾರಿಸುವುದಿಲ್ಲ.

10 ಮೀಟರ್ ಆಳದಲ್ಲಿ ಒತ್ತಡವು ಇಮ್ಮಡಿಯಾಗಿ, ಎದೆಯಲ್ಲಿದ್ದ ಸುಮಾರು 6 ಲೀಟರ್ ಗಾಳಿ 3 ಲೀಟರಿಗೆ ಕುಗ್ಗುತ್ತದೆ. 30 ಮೀಟರಿನಲ್ಲಿ ಅದು ಒಂದೂವರೆ ಲೀಟರಿಗೆ, ಎಂದರೆ ಪೂರ್ತಿಯಾಗಿ ನಿಶ್ವಸಿಸಿದ ಮೇಲೂ ಉಳಿಯುವಷ್ಟಕ್ಕೆ, ಇಳಿಯುತ್ತದೆ. ಬರಿದಾದ ಎಡೆಯನ್ನು ತುಂಬಲು ಕೈಕಾಲುಗಳ ರಕ್ತವು ಎದೆಗೆ ಸರಿಯುತ್ತದೆ. ಅದು ಮಿತಿಮೀರಿದಲ್ಲಿ ಸೂಕ್ಷ್ಮ ರಕ್ತನಾಳಗಳು ಸೋರಿ, ಮೇಲೆ ಬಂದವನ ಕಫದಲ್ಲಿ ನೆತ್ತರು ಕಾಣುತ್ತದೆ. ಉಸಿರನ್ನು ಹೊರಬಿಟ್ಟು ಮುಳುಗಿದವನಿಗಾದರೋ ಅಲ್ಪ ಆಳದಲ್ಲಿಯೇ ಈ ವಿಪತ್ತು ಸಂಭವಿಸೀತು.

ನಮ್ಮ ಹೊಳೆಗಳಲ್ಲಿ ಇದಕ್ಕಿಂತ ಘೋರವಾದುದು ಮತ್ತೊಂದಿದೆ. ಹೆಚ್ಚು ಹೊತ್ತು ನೀರಿನೊಳಗಿರುವ ಪಂದ್ಯಕ್ಕೆ ಇಳಿವ ಮುನ್ನ ಹುಡುಗರು ರಭಸದಿಂದ ಉಸಿರೆಳೆದು ಬಿಡುವುದುಂಟು. ಇದರಿಂದ ರಕ್ತದ ಆಮ್ಲಜನಕವು ಹೆಚ್ಚುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ಕುಂದುತ್ತದೆ. ಉಸಿರಾಡೆಂದು ದೇಹವು ಹಟ ಹಿಡಿಯುವುದು ಮುಖ್ಯವಾಗಿ ಆ ಅನಿಲವು ಏರಿದಾಗಲೇ ಆದುದರಿಂದ, ಎಚ್ಚರಿಕೆಯ ಆ ತಳಮಳವು ಹುಟ್ಟುವ ಮೊದಲೇ ಆಮ್ಲಜನಕ ತೀರಿ, ಹುಡುಗನು ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಮೇಲೇರುವಾಗ ಒತ್ತಡವು ಇಳಿಯುತ್ತ ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕದ ಬಲವೂ ಕುಸಿಯುವುದರಿಂದ, ಬೆಳಕು ಕಂಡ ಕ್ಷಣವೇ ಅವನಿಗೆ ಅತ್ಯಂತ ಅಪಾಯದ ಕ್ಷಣ. ನುರಿತ ಈಜುಗಾರನೂ ಇದಕ್ಕೆ ಹೊರತಲ್ಲ. ಎದೆಗುಬ್ಬಸವನ್ನು ಗೆಲ್ಲುವುದೇ ಪೌರುಷವೆಂದು ಎಳೆಯರಿಗೆ ಕಲಿಸುವ ಹಿರಿಯರ ಮೇಲೆ ನನಗೆ ನಿಜವಾಗಿ ಕೋಪವಿದೆ.

ಶವಶೋಧಕ್ಕೆ ಇಳಿಯುವವರ ವಿಷಯದಲ್ಲಿ ಜಿಲ್ಲಾಡಳಿತವು ಮಾಡಬೇಕಾದುದು ಬಹಳವೇನೂ ಅಲ್ಲ. ವರ್ಷಕ್ಕೊಮ್ಮೆ ಅವರ ಶ್ವಾಸಕೋಶದ ತಪಾಸಣೆಯಾಗಲಿ. ಒಬ್ಬನು ಮುಳುಗಿದಾಗ ಮತ್ತೊಬ್ಬನು ತೆಪ್ಪದಲ್ಲಿ ಕಾದಿರಲಿ. ಮುಳುಗು ಮುಳುಗಿನ ನಡುವೆ ಸಾಕಷ್ಟು ವಿಶ್ರಾಂತಿಯಿರಲಿ. ಬಂಧುಗಳ ಆಕ್ರಂದನವಾಗಲಿ ಅಧಿಕಾರಿಗಳ ಅವಸರವಾಗಲಿ ಆ ವಿಶ್ರಾಂತಿಯನ್ನು ಕಿತ್ತುಕೊಳ್ಳದಿರಲಿ. ಕೆಮ್ಮಿನಲ್ಲಿ ನೆತ್ತರು ಕಂಡವನನ್ನು ಮತ್ತೆ ನೀರಿಗಿಳಿಸದೆ, ಅಂದೇ ಜಿಲ್ಲಾಸ್ಪತ್ರೆಗೆ ಒಯ್ಯುವ ವಾಹನವು ದಂಡೆಯಲ್ಲಿ ನಿಂತಿರಲಿ.